ಅರ್ಧ ಮಂಚಕ್ಕೆ ತೆರಿಗೆ ರಿಯಾಯಿತಿ

ಯಾಕೋಬಾ ಮತ್ತು ಗೊಮ್ಮಾರ್ ದಂಪತಿಯ ಮಂಚದ ಸರಿಮಧ್ಯದಲ್ಲಿ, ತಲೆದಿಂಬಿನಿಂದ ಕಾಲ ತುದಿಯವರೆಗೆ, ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್ ದೇಶಗಳ ಗಡಿ ಹಾದುಹೋಗುತ್ತದೆ. ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ವೆಲ್ಡಾರ್ಲೆ ಊರಿನಲ್ಲಿ ಗಡಿಯು ಬೇಕರಿಯ ಒಲೆಯನ್ನೂ ಪಾದ್ರಿಗಳ ಟೊಮೆಟೊ ಪಾತಿಯನ್ನೂ ಸೀಳಿಕೊಂಡೇ ಹೋಗಿದೆ. ಮನೆ ಯಾವ ದೇಶದ್ದೆಂದು ತೀರ್ಮಾನಿಸಲು ಇಲ್ಲಿ ಇರುವುದು ಒಂದೇ ನಿಯಮ: ಮುಂಬಾಗಿಲು ಯಾವ ದೇಶದಲ್ಲಿದೆಯೋ ಇಡೀ ಮನೆ ಆ ದೇಶದ್ದು. ಈ ದಂಪತಿಯ ಮುಂಬಾಗಿಲು ಬೆಲ್ಜಿಯಂನಲ್ಲಿತ್ತು. ಆದ್ದರಿಂದ ಅವರ ತೆರಿಗೆಯೂ ಕಸವೂ ಬೆಲ್ಜಿಯಂಗೆ ಹೋಗುತ್ತಿದ್ದವು. ಗೊಮ್ಮಾರ್ ಅದೇ ದೇಶದವನು, ಯಾಕೋಬಾ ಆಚೆಯವಳು. ಎರಡು ದೇಶಗಳ ನಡುವೆ ಫುಟ್‌ಬಾಲ್ ಪಂದ್ಯವಿದ್ದ ದಿನಗಳನ್ನು ಬಿಟ್ಟರೆ, ನಲವತ್ತೊಂದು ವರ್ಷ ಗಡಿಯಲ್ಲಿ ಶಾಂತಿ ನೆಲೆಸಿತ್ತು.

ತೊಂದರೆ ಇದ್ದದ್ದು ಚಳಿಯದು. ಮನೆ ತೊಂಬತ್ತು ವರ್ಷ ಹಳೆಯದು, ಗೋಡೆ ತೆಳು. ಗೊಮ್ಮಾರ್ ನಿವೃತ್ತ ಬಸ್ ಚಾಲಕ, ಪಂದ್ಯದ ಪಾರಿವಾಳ ಸಾಕುವವನು. ಹಿತ್ತಲಿನ ಪಾರಿವಾಳದ ಗೂಡಿಗೆ ಅವನು ಎಂದೋ ಒಳಗೆಲ್ಲ ಉಣ್ಣೆ ತುಂಬಿ ಹಲಗೆ ಹೊಡೆದಿದ್ದ. ಮನೆಗೆ ಹೊಡೆದಿರಲಿಲ್ಲ, ಮನೆಯಲ್ಲಿದ್ದವರು ಯಾರೂ ಪಂದ್ಯಕ್ಕೆ ಹಾರುವವರಲ್ಲ. ಹೋದ ವರ್ಷದ ಜನವರಿಯಲ್ಲಿ ಹಕ್ಕಿಗಳು ಹೇಗಿವೆ ನೋಡಿ ಬರುತ್ತೇನೆಂದು ದಿಂಬು ಹಿಡಿದು ಹೋದವನು ಮೂರು ವಾರ ಮಲಗಲು ಮನೆಗೆ ಬರಲಿಲ್ಲ.

“ಗಂಡ ಇನ್ನೊಬ್ಬಳ ಹಿಂದೆ ಹೋದ್ರೆ ಊರಲ್ಲಿ ಹೇಳ್ಕೋಬೋದು,” ಎಂದಳು ಯಾಕೋಬಾ ನನ್ನ ಬಳಿ. “ಪಾರಿವಾಳದ ಹಿಂದೆ ಹೋದ ಅಂತ ಹೆಂಗೆ ಹೇಳ್ಕೊಳ್ಲಿ?”

ನಾನು ಎದುರು ಮನೆಯವಳು, ಮೂರನೆಯ ದೇಶದವಳು. ಇಂಥವನ್ನು ನನ್ನ ಹತ್ತಿರ ಹೇಳಿಕೊಳ್ಳುವುದು ಇಲ್ಲಿನ ವಾಡಿಕೆ. ಅವಳಿಗೆ ಬೇಕಿದ್ದದ್ದು ಇಷ್ಟೇ: ಮುಂದಿನ ಚಳಿಗಾಲದಲ್ಲಿ ಗಂಡ ತನ್ನ ಪಕ್ಕದಲ್ಲಿ ಮಲಗಬೇಕು.

ಅದೇ ವಸಂತದಲ್ಲಿ ಬೆಲ್ಜಿಯಂ ಸರ್ಕಾರದ ಪ್ರಕಟಣೆ ಹೊರಬಿತ್ತು. “ನಾಗರಿಕರು ತಮ್ಮ ಮನೆಗಳಿಗೆ ಶಾಖರಕ್ಷಕ ಹೊದಿಕೆ ಅಳವಡಿಸಿಕೊಂಡಲ್ಲಿ, ವೆಚ್ಚದ ಶೇಕಡಾ ಮೂವತ್ತರಷ್ಟನ್ನು ಅವರ ತೆರಿಗೆಯಲ್ಲಿ ಕಳೆಯಲಾಗುವುದು. ಒಮ್ಮೆ ಸಲ್ಲಿಸಿದ ಅರ್ಜಿಯನ್ನು ಹಿಂಪಡೆಯುವಂತಿಲ್ಲ. ಅರ್ಜಿ ತಿರಸ್ಕೃತವಾದಲ್ಲಿ ಸದರಿ ಹೊದಿಕೆಯನ್ನು ಅನಧಿಕೃತವೆಂದು ಪರಿಗಣಿಸಿ, ಅರವತ್ತು ದಿನಗಳೊಳಗೆ ಕಿತ್ತುಹಾಕತಕ್ಕದ್ದು.” ಅನಧಿಕೃತವಾಗಿ ಬೆಚ್ಚಗಿರುವ ಮನೆಗಳಿಂದ ರಾಷ್ಟ್ರದ ಅಂಕಿ ಅಂಶಗಳು ಕೆಡುತ್ತವೆ ಎಂಬ ವಿವರಣೆ ಕೊನೆಯ ಪುಟದಲ್ಲಿತ್ತು. ಓದಿದವರಿಗೆಲ್ಲ ಅದು ನ್ಯಾಯವೆನಿಸಿತು.

ಯಾಕೋಬಾ ಛಾವಣಿಗೆ ಉಣ್ಣೆ ತುಂಬಿಸಿದಳು, ಗೋಡೆಗಳಿಗೆ ಮರದ ನಾರಿನ ಹಲಗೆ ಹೊಡೆಸಿದಳು, ಹತ್ತೊಂಬತ್ತು ಪುಟಗಳ ನಮೂನೆ ತುಂಬಿದಳು. ಗೊಮ್ಮಾರ್ ಸಹಿ ಹಾಕಿದ. ಅವನ ಆಸೆ ಬೇರೆಯದು. ನಲವತ್ನಾಲ್ಕು ವರ್ಷ ತೆರಿಗೆ ಕಟ್ಟಿದವನು, ಸರ್ಕಾರದ ಕೈ ತನ್ನ ಜೇಬಿನೊಳಗೆ ಏನಾದರೂ ಹಾಕುವುದನ್ನು ಸಾಯುವುದರೊಳಗೆ ಒಮ್ಮೆ ನೋಡಬೇಕೆಂದಿದ್ದ. ನವೆಂಬರಿನಲ್ಲಿ ಹಿಮ ಬಿತ್ತು. ಗೊಮ್ಮಾರ್ ಮಂಚದಲ್ಲೇ ಇದ್ದ. ಯಾಕೋಬಾಳ ಮುಖದಲ್ಲಿ ಕಳೆ ಬಂತು.

ಡಿಸೆಂಬರ್ ಮೊದಲ ವಾರ ಹಿಂಬರಹವೂ ಬಂತು.

“ಉಲ್ಲೇಖಿತ ಮನೆಯ ನೆಲದ ಶೇಕಡಾ ನಲವತ್ತಾರು ಭಾಗವು ವಿದೇಶದಲ್ಲಿರುವುದು ಕಂಡುಬಂದಿದೆ. ಮುಂಬಾಗಿಲಿನ ಆಧಾರದ ಮೇಲೆ ಮನೆಯು ನಮ್ಮದಾದರೂ, ಶಾಖಕ್ಕೆ ಮುಂಬಾಗಿಲು ಇರುವುದಿಲ್ಲವಾದ್ದರಿಂದ ಅದು ನಮ್ಮದೆಂದು ಹೇಳಲಾಗದು. ನಮ್ಮ ತೆರಿಗೆದಾರರ ಹಣದಲ್ಲಿ ನೆರೆರಾಷ್ಟ್ರವನ್ನು ಬೆಚ್ಚಗಿಡಲು ಅವಕಾಶವಿಲ್ಲ. ಸ್ಥಳ ಮಹಜರು ನಡೆಸಿ ಮುಂದಿನ ಕ್ರಮ ಜರುಗಿಸಲಾಗುವುದು.”

ಮಹಜರಿಗೆ ಬಂದವರು ಶಾಖ ವಿಭಾಗದ ಅಧಿಕಾರಿ ವಾನ್ ಹೆಕ್. ಪಂಚ ಸಾಕ್ಷಿಯಾಗಿ ನನ್ನನ್ನು ಕರೆಸಿದರು. ಊರಿನ ಮಿಕ್ಕವರೆಲ್ಲ ಒಂದಲ್ಲ ಒಂದು ಹಿತಾಸಕ್ತ ರಾಷ್ಟ್ರಕ್ಕೆ ಸೇರಿದವರೆಂದು ಕಾರಣ ಬರೆದರು. ನಾನು ಹಲವು ಗಡಿಗಳನ್ನು ದಾಟಿದವಳು. ಕೆಲವೆಡೆ ಬೂಟು ಬಿಚ್ಚಿಸಿದ್ದಾರೆ, ಒಂದೆಡೆ ಹಲ್ಲು ಎಣಿಸಿದ್ದಾರೆ. ಆದರೆ ಗಡಿಯ ಅಧಿಕಾರಿ ತಾನೇ ಬೂಟು ಬಿಚ್ಚಿಟ್ಟು, ಕಾಲು ಒರೆಸಿಕೊಂಡು, “ತೊಂದ್ರೆ ಕೊಡ್ತಿದೀನಿ, ಕ್ಷಮಿಸಿ” ಎಂದು ಒಳಗೆ ಬಂದದ್ದನ್ನು ಇಲ್ಲಿಯೇ ಕಂಡೆ. ಒಳ್ಳೆಯ ಮನುಷ್ಯ. ನಿಯಮ ಪಾಲಿಸುವುದರಲ್ಲಿ ಅಂಥವರನ್ನು ತಡೆಯಲಾಗದು.

ಯಾಕೋಬಾ ಕಾಫಿ ಕೊಟ್ಟಳು, ಎಲ್ಲರಿಗೂ ಒಂದೊಂದು ಬಿಸ್ಕತ್ತು ಕೊಟ್ಟು ತನ್ನ ದೇಶದ ಪದ್ಧತಿಯಂತೆ ಡಬ್ಬಿಯ ಮುಚ್ಚಳ ಹಾಕಿದಳು. ಗೊಮ್ಮಾರ್ ತನ್ನ ದೇಶದ ಪದ್ಧತಿಯಂತೆ ಮುಚ್ಚಳ ತೆಗೆದ.

“ಇವರ ಕಡೆ ಬಿಸ್ಕತ್ತಿಗೂ ಕರ್ಫ್ಯೂ ಹಾಕ್ತಾರೆ, ಸ್ವಾಮಿ,” ಎಂದ.

“ಇವರ ಕಡೆ ಡಬ್ಬಿ ತೆಗೆದಿಟ್ಟು, ಮೆತ್ತಗಾದ್ಮೇಲೆ ಬಿಸ್ಕತ್ತಿನವನ ಮೇಲೆ ದೂರು ಹೇಳ್ತಾರೆ,” ಎಂದಳು ಯಾಕೋಬಾ.

ಎರಡೂ ಹೇಳಿಕೆಗಳನ್ನು ದಾಖಲಿಸಿಕೊಂಡು ವಾನ್ ಹೆಕ್ ಎದ್ದರು. ಅಡುಗೆಮನೆಯಿಂದ ಮಲಗುವ ಕೋಣೆಯವರೆಗೆ ಗಡಿಯುದ್ದಕ್ಕೂ ಬಿಳಿ ಪಟ್ಟಿ ಅಂಟಿಸುತ್ತ ಹೋದರು. ಮಂಚ ಅಡ್ಡ ಬಂತು. ಕಂಬಳಿಯ ಮೇಲೂ ಪಟ್ಟಿ ಅಂಟಿಸಿ, ಎರಡೂ ಕಡೆ ಉಷ್ಣಮಾಪಕ ಹಿಡಿದರು. ಹಾಸಿಗೆ ಇನ್ನೂ ಬೆಚ್ಚಗಿತ್ತು.

“ಈ ಕಡೆ ಯಾರು ಮಲಗ್ತೀರಿ?” ಎಂದು ಬೆಲ್ಜಿಯಂ ಭಾಗ ತೋರಿಸಿ ಕೇಳಿದರು.

“ನಾನು,” ಎಂದಳು ಯಾಕೋಬಾ.

“ಯಜಮಾನರು ಆ ಕಡೆ?”

“ಆ ಕಡೆಯಿಂದ ಬಚ್ಚಲು ಹತ್ರ,” ಎಂದ ಗೊಮ್ಮಾರ್.

ವಾನ್ ಹೆಕ್ ಅವರ ಪೆನ್ಸಿಲ್ ನಿಂತಿತು. “ಅಂದ್ರೆ, ನಮ್ಮ ದೇಶದಲ್ಲಿ ಮಲಗಿರೋ ವಿದೇಶಿ ಒಬ್ರು, ವಿದೇಶದಲ್ಲಿ ಮಲಗಿರೋ ನಮ್ಮ ಪ್ರಜೆಯನ್ನ ಬೆಚ್ಚಗಿಡ್ತಿದಾರೆ.”

“ಪಾದ ಮಾತ್ರ,” ಎಂದಳು ಯಾಕೋಬಾ. “ಮಿಕ್ಕಿದ್ದು ಅವನೇ ನೋಡ್ಕೋತಾನೆ.”

‘ಪಾದ ಮಾತ್ರ’ ಎಂದು ಅವರು ಬರೆದುಕೊಂಡರು. ಇದು ಶಾಖದ ರಫ್ತು ಎಂದು ವಿಷಾದದಿಂದ ತಿಳಿಸಿದರು. ರಫ್ತಿಗೆ ಪರವಾನಗಿ ಬೇಕು. ಪರವಾನಗಿಗೆ ಸರಕನ್ನು ತೂಗಬೇಕು. ಶಾಖವನ್ನು ತೂಗಲು ಬರುವುದಿಲ್ಲ. ಹಾಗೆಂದು ಅರ್ಜಿ ತಿರಸ್ಕರಿಸಲು ಅವರಿಗೆ ಮನಸ್ಸಿಲ್ಲ. ತಿರಸ್ಕರಿಸಿದರೆ ಛಾವಣಿಯ ಉಣ್ಣೆಯಿಂದ ಹಿಡಿದು ಎಲ್ಲವನ್ನೂ ಫೆಬ್ರವರಿಯೊಳಗೆ ಕೀಳಬೇಕಾಗುತ್ತದೆ. ಅವರ ಅನುಭವದಲ್ಲಿ ಉಳಿದಿರುವುದು ಒಂದೇ ದಾರಿ: ಗಡಿಯುದ್ದಕ್ಕೂ, ನೆಲದಿಂದ ಛಾವಣಿಯವರೆಗೆ, ಹದಿನೆಂಟು ಸೆಂಟಿಮೀಟರ್ ದಪ್ಪದ ಶಾಖರಕ್ಷಕ ಗೋಡೆ. ಆ ಗೋಡೆಯ ವೆಚ್ಚಕ್ಕೂ ಶೇಕಡಾ ಮೂವತ್ತು ಸಿಗುತ್ತದೆ ಎಂಬ ಸಂತೋಷದ ಸಂಗತಿಯನ್ನೂ ಹೇಳಿ, ಬೂಟು ಹಾಕಿಕೊಂಡು ಹೋದರು.

ಗಂಡ ಹೆಂಡತಿ ಬಿಳಿ ಪಟ್ಟಿಯ ಆಚೆ ಈಚೆ ಕೂತರು.

“ಹೊದಿಕೆ ಕಿತ್ರೆ ನೀನು ಪಾರಿವಾಳದ ಹತ್ರ ಹೋಗ್ತೀಯ,” ಎಂದಳು ಯಾಕೋಬಾ. “ಗೋಡೆ ಕಟ್ಟಿದ್ರೆ ವಿದೇಶಕ್ಕೆ ಹೋಗ್ತೀಯ. ಯಾವ್ದು ದೂರ ಹೇಳು.”

ಗೊಮ್ಮಾರ್ ಕಿಟಕಿಯಿಂದ ಗೂಡಿನ ಕಡೆ ನೋಡಿದ. “ವಿದೇಶಾನೇ ಹತ್ರ ಕಣೇ. ಪಾರಿವಾಳಕ್ಕೆ ಹಿತ್ತಲು ದಾಟ್ಬೇಕು.”

ಗೋಡೆ ಮೂರು ದಿನಗಳಲ್ಲಿ ಎದ್ದಿತು. ಬಡಗಿ ಮಂಚವನ್ನು ಉದ್ದಕ್ಕೆ ಕೊಯ್ದು, ಎರಡೂ ಅರ್ಧಗಳಿಗೆ ಎರಡೆರಡು ಹೊಸ ಕಾಲು ಜೋಡಿಸಿದ. ಕೆಲಸ ಅಚ್ಚುಕಟ್ಟಾಗಿತ್ತು. ಶಾಖವಿರಲಿ, ಗೊಮ್ಮಾರನ ಗೊರಕೆಯೂ ಈಚೆಗೆ ಬರುತ್ತಿರಲಿಲ್ಲ. ನಲವತ್ತೊಂದು ವರ್ಷ ಆ ಸದ್ದನ್ನು ಬೈದಿದ್ದ ಯಾಕೋಬಾ ನಿದ್ದೆ ಬರದೆ ಗೋಡೆಗೆ ಲೋಟ ಇಟ್ಟು ಕಿವಿಗೊಟ್ಟಳಂತೆ. ಏನೂ ಕೇಳಲಿಲ್ಲವಂತೆ.

ಗೊಮ್ಮಾರನ ಭಾಗಕ್ಕೆ ಬಾಗಿಲೇ ಇರಲಿಲ್ಲ. ನಾಲ್ಕು ದಿನ ಕಿಟಕಿಯಿಂದ ಹತ್ತಿ ಇಳಿದ. ಐದನೆಯ ದಿನ ಆಚೆ ಬದಿಗೊಂದು ಬಾಗಿಲು ಇಡಿಸಿದ. ಇಡಿಸಿದ ಕ್ಷಣದಿಂದ, ಊರಿನ ನಿಯಮದಂತೆ, ಅದು ನೆದರ್‌ಲ್ಯಾಂಡ್ಸಿನ ಮನೆಯಾಯಿತು. ಮರುದಿನವೇ ಆ ದೇಶದ ಪುರಸಭೆ ಗೊಮ್ಮಾರನಿಗೆ ಸ್ವಾಗತ ಪತ್ರವನ್ನೂ ಹಸಿರು ಕಸದ ಡಬ್ಬಿಯನ್ನೂ ಕಳಿಸಿತು.

ಜನವರಿಯಲ್ಲಿ ರಿಯಾಯಿತಿ ಮಂಜೂರಾಯಿತು. ಆದೇಶ ಪತ್ರವನ್ನು ವಾನ್ ಹೆಕ್ ತಾವೇ ತಂದರು. ಗೊಮ್ಮಾರ್ ಕೋಟು ಹಾಕಿಕೊಂಡು, ಕೂದಲು ಬಾಚಿಕೊಂಡು ಬಂದು ಹೆಂಡತಿಯ ಬಾಗಿಲಲ್ಲಿ ನಿಂತಿದ್ದ. ಆದರೆ ಅವನೀಗ ಬೆಲ್ಜಿಯಂ ನಿವಾಸಿಯಲ್ಲ. ಪತ್ರ ‘ಒಂಟಿ ಮಹಿಳೆ, ಅರ್ಧ ಮನೆ’ ಎಂಬ ಶೀರ್ಷಿಕೆಯಡಿ ಯಾಕೋಬಾಳ ಹೆಸರಿಗೆ ಬಂದಿತ್ತು. ಒಂದು ಸಲ ಕೈಯಲ್ಲಿ ಹಿಡಿದು ನೋಡಬಹುದೇ ಎಂದು ಗೊಮ್ಮಾರ್ ಕೇಳಿದ. ವಾನ್ ಹೆಕ್ ನಿಯಮ ಪುಸ್ತಕ ನೋಡಿ, ಹಿಡಿಯಬಹುದು, ಮಡಚುವಂತಿಲ್ಲ ಎಂದರು. ಗೊಮ್ಮಾರ್ ಎರಡು ಸಲ ಓದಿ ಹಿಂದಿರುಗಿಸಿದ.

ಆಗ ಯಾಕೋಬಾ ಕೇಳಿದಳು: “ನನ್ನ ಗಂಡ ನನ್ನ ಮನೇಲಿ ಮಲಗಬೋದಾ, ಸ್ವಾಮಿ?”

ವಾನ್ ಹೆಕ್ ಬಾಗಿಲಲ್ಲೇ ನಿಂತು ಇಪ್ಪತ್ತು ನಿಮಿಷ ಪುಟ ತಿರುಗಿಸಿದರು. ಅನುಬಂಧ ಒಂಬತ್ತರಲ್ಲಿ ಉತ್ತರ ಸಿಕ್ಕಿತು. ಅತಿಥಿಯ ಶರೀರದ ಶಾಖಕ್ಕೆ ದಿನಕ್ಕೆ ನಾಲ್ಕು ಗಂಟೆಗಳ ವಿನಾಯಿತಿ ಉಂಟು. ಐದನೆಯ ಗಂಟೆಯಿಂದ ಅದು ಆಮದು.

“ನಾಲ್ಕು ಗಂಟೆ ಆದ್ಮೇಲೆ ನಾನು ಅವನ ಮನೆಗೆ ಅತಿಥಿಯಾಗಿ ಹೋದ್ರೆ?”

ಅವರು ಪುಸ್ತಕ ಮುಚ್ಚಿದರು. “ಅದು ಬೇರೆ ದೇಶ, ಮೇಡಂ. ಅಲ್ಲಿನ ನಾಲ್ಕು ಗಂಟೆ ಬೇರೆ.”

ಅಂದಿನಿಂದ ಗಂಡ ಹೆಂಡತಿ ರಾತ್ರಿ ಒಂಬತ್ತರಿಂದ ಒಂದರವರೆಗೆ ಅವಳ ಮನೆಯಲ್ಲೂ ಒಂದರಿಂದ ಐದರವರೆಗೆ ಅವನ ಮನೆಯಲ್ಲೂ ಮಲಗುತ್ತಾರೆ. ಮಧ್ಯೆ ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು, ಮನೆಯನ್ನು ಬಳಸಿಕೊಂಡು ಮೂವತ್ತೆರಡು ಹೆಜ್ಜೆ ನಡೆಯಬೇಕು. ಗೋಡೆಗೂ ಶೇಕಡಾ ಮೂವತ್ತು ಸಿಗುತ್ತದೆಂಬ ಸುದ್ದಿ ಹಬ್ಬಿ, ಫೆಬ್ರವರಿಯ ಹೊತ್ತಿಗೆ ಇನ್ನೂ ಹನ್ನೊಂದು ಮನೆಗಳಲ್ಲಿ ಗೋಡೆಗಳು ಎದ್ದವು. ಈಗ ಒಂದು ಗಂಟೆಗೆ ನಮ್ಮ ಬೀದಿಯಲ್ಲಿ ಓಡಾಟ ಜೋರು. ಚಪ್ಪಲಿ ಎಳೆಯುತ್ತ ಹೋಗುವವರು ಟೋಪಿ ಎತ್ತಿ, “ಹೋಗ್ತಿದೀರೋ, ಬರ್ತಿದೀರೋ?” ಎಂದು ವಿಚಾರಿಸಿಕೊಳ್ಳುತ್ತಾರೆ. ಅದಕ್ಕೆ ಮುಕ್ಕಾಲು ಗಂಟೆ ಮುಂಚೆಯೇ ಬೇಕರಿಯವನು ಈ ಗಿರಾಕಿಗಳಿಗೆಂದು ಒಲೆ ಹಚ್ಚುತ್ತಾನೆ. ಜಾರಿ ಬೀಳದಂತೆ ಎರಡೂ ಪುರಸಭೆಗಳವರು ತಮ್ಮ ತಮ್ಮ ಕಡೆ ಉಪ್ಪು ಎರಚಿಸುತ್ತಾರೆ.

ಮಾರ್ಚ್ ತಿಂಗಳಲ್ಲಿ ಅಂತಿಮ ಮಹಜರು ನಡೆಯಿತು. ವಾನ್ ಹೆಕ್ ಎರಡೂ ಅರ್ಧ ಮಂಚಗಳಿಗೆ ಉಷ್ಣಮಾಪಕ ಹಿಡಿದರು. ಒಂದೂವರೆ ಮೊಳದ ಹಾಸಿಗೆಯಲ್ಲಿ ಇಬ್ಬರು ಮಲಗುವುದು ಹೇಗೆ ಎಂಬ ಪ್ರಶ್ನೆ ನಮೂನೆಯಲ್ಲಿ ಇರಲಿಲ್ಲವಾದ್ದರಿಂದ ಅವರು ಕೇಳಲಿಲ್ಲ. ವರದಿಯನ್ನು ಗಟ್ಟಿಯಾಗಿ ಓದಿದರು: “ಗೋಡೆ ನಿರ್ಮಾಣಕ್ಕೆ ಮುಂಚಿನ ಅಳತೆಗೆ ಹೋಲಿಸಿದಲ್ಲಿ, ದಂಪತಿಯ ಹಾಸಿಗೆಯ ಉಷ್ಣಾಂಶವು ಮೂರು ಡಿಗ್ರಿ ಹೆಚ್ಚಾಗಿದೆ. ಇದಕ್ಕೆ ಗೋಡೆಯ ಗುಣಮಟ್ಟವೇ ಕಾರಣವೆಂದು ದೃಢಪಟ್ಟಿದೆ. ಗಡಿಯಿಲ್ಲದ ಊರುಗಳಲ್ಲಿ ವಾಸಿಸುವ ವಿವಾಹಿತರಿಗೂ ಈ ಸೌಲಭ್ಯವನ್ನು ಮುಂದಿನ ಆರ್ಥಿಕ ವರ್ಷದಿಂದ ವಿಸ್ತರಿಸಬಹುದೆಂದು ಶಿಫಾರಸು ಮಾಡಲಾಗಿದೆ.”

ನಾನು ಪಂಚ ಸಾಕ್ಷಿಯಾಗಿ ಸಹಿ ಹಾಕಿದೆ. ಕುಂದುಕೊರತೆ ಏನಾದರೂ ಇದೆಯೇ ಎಂದು ವಾನ್ ಹೆಕ್ ಕೇಳಿದರು. ಗೊಮ್ಮಾರ್ ಇಲ್ಲವೆಂದು ತಲೆಯಾಡಿಸಿದ.

“ಒಂದಿದೆ,” ಎಂದಳು ಯಾಕೋಬಾ. “ಮಂಚ ಅಗಲ ಮಾಡಿಸೋರಿಗೆ ರಿಯಾಯಿತಿ ಅಂತ ಯೋಜನೆ ಗೀಜನೆ ಏನೂ ತರ್ಬೇಡಿ.”

ವಾನ್ ಹೆಕ್ ಬರೆದುಕೊಂಡರು.