ನನ್ನ ಪೇಟೆಂಟ್ ಕದ್ದವನು

ನಾನು ಶಾಂತ ಸ್ವಭಾವದವನು ಎಂದು ಬರೆಯಬೇಕೆಂದಿದ್ದೆ. ಆದರೆ ಇದನ್ನು ನನ್ನ ಹೆಂಡತಿ ಸುಮಾ ಓದುವ ಅಪಾಯವಿರುವುದರಿಂದ ನಿಜವನ್ನೇ ಹೇಳಿಬಿಡುತ್ತೇನೆ: ನನಗೆ ಸಿಟ್ಟು ಮೊದಲು ಬರುತ್ತದೆ, ಬುದ್ಧಿ ಮುಂದಿನ ಬಸ್ಸಿಗೆ ಬರುತ್ತದೆ.

ಸಾಗರದಲ್ಲಿ ನನ್ನದೊಂದು ಕ್ಯಾಮೆರಾ ರಿಪೇರಿ ಅಂಗಡಿ. ಮಳೆಗಾಲದಲ್ಲಿ ಇಲ್ಲಿನ ಸಿಸಿ ಕ್ಯಾಮೆರಾಗಳ ಗಾಜಿಗೆ ಮಂಜು ಹಿಡಿದು, ಕಳ್ಳನೂ ಅರ್ಚಕರೂ ಒಂದೇ ಥರ ಕಾಣುತ್ತಾರೆ. ಚಿತ್ರ ಮಸುಕಾಗುವುದನ್ನು ತಾನೇ ಗುರುತಿಸಿ ಗಾಜನ್ನು ಬೆಚ್ಚಗೆ ಮಾಡುವ ಪುಟ್ಟ ಸರ್ಕ್ಯೂಟೊಂದನ್ನು ನಾಲ್ಕು ವರ್ಷ ಒದ್ದಾಡಿ ಕಂಡುಹಿಡಿದೆ. ಎರಡು ಸಲ ಬೆರಳು ಸುಟ್ಟುಕೊಂಡೆ, ಒಂದು ಸಲ ಸುಮಾಳ ಮಿಕ್ಸಿಯನ್ನು ಸುಟ್ಟೆ. ಅಚ್ಚುಕಟ್ಟಾಗಿ ನಕ್ಷೆ ಬರೆದುಕೊಟ್ಟವನು ತೀರ್ಥಹಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವ ಗೆಳೆಯ ಗಣಪತಿ. ಪೇಟೆಂಟಿಗೆ ಅರ್ಜಿ ಹಾಕಿ ಕಾಯತೊಡಗಿದೆ.

ಮೊನ್ನೆ ಉತ್ತರ ಬಂತು. ಇಂಗ್ಲಿಷಿನಲ್ಲಿ ಹನ್ನೊಂದು ಪುಟ. ನನಗೆ ಕಂಡದ್ದು ಮೊದಲ ಪುಟದ ಒಂದೇ ಸಾಲು: ಈ ಆವಿಷ್ಕಾರ ಅರ್ಜಿಗೆ ಮೊದಲೇ ಬಹಿರಂಗವಾಗಿದೆ, ಆದ್ದರಿಂದ ಹೊಸದಲ್ಲ. ಮೈಯೆಲ್ಲ ಉರಿದುಹೋಯಿತು. ನಕ್ಷೆ ಇದ್ದದ್ದು ಇಬ್ಬರ ಹತ್ತಿರ. ಅವರಲ್ಲಿ ಒಬ್ಬ ನಾನು. "ಪೂರ್ತಿ ಓದ್ರೀ" ಎಂದಳು ಸುಮಾ. "ಆ ಕಳ್ಳನ ಮನೇಲೇ ಓದ್ತೀನಿ" ಎಂದು ಬಸ್ಸು ಹತ್ತಿದೆ.

ಹೊಸನಗರ ದಾಟುವಷ್ಟರಲ್ಲಿ ಬೈಗುಳಗಳೆಲ್ಲ ಬಾಯಿಪಾಠವಾಗಿದ್ದವು. ಗಣಪತಿ ಬಾಗಿಲು ತೆರೆದದ್ದೇ ತಡ, ಎಲ್ಲವನ್ನೂ ಸುರಿದೆ. ಕಳ್ಳ ಎಂದೆ, ದ್ರೋಹಿ ಎಂದೆ, ಇಪ್ಪತ್ತು ವರ್ಷಗಳಿಂದ ಅವನು ನಮ್ಮ ಮನೆಯಲ್ಲಿ ತಿಂದ ಕಡುಬನ್ನೂ ಬಿಡಲಿಲ್ಲ. ಅವನ ಮುಖ ಬಿಳಿಚಿಕೊಂಡಿತು. ನನ್ನ ಕೈಯಿಂದ ಪತ್ರ ತೆಗೆದುಕೊಂಡು ಓದುತ್ತ ಹೋದ. ಒಂಬತ್ತನೇ ಪುಟದಲ್ಲಿ ನಿಂತ.

"ಎಂತ ಮಾರಾಯ, ಇಲ್ಲಿ ನಿನ್ನ ಹೆಸರೇ ಇದೆಯಲ್ಲ!"

ಇತ್ತು. ಅರ್ಜಿ ಹಾಕುವ ಮೂರು ತಿಂಗಳ ಮೊದಲು ಹೊಸನಗರದ ಸನ್ಮಾನ ಸಭೆಯೊಂದರಲ್ಲಿ, ಶಾಲು ಹೊದಿಸಿದ ಖುಷಿಗೆ, ಸರ್ಕ್ಯೂಟನ್ನು ತಂತಿ ತಂತಿಯಾಗಿ ಬಿಡಿಸಿ ಮುಕ್ಕಾಲು ಗಂಟೆ ವಿವರಿಸಿದ್ದೆ. ಯಾರೋ ಪುಣ್ಯಾತ್ಮ ಅದನ್ನು ಯೂಟ್ಯೂಬಿಗೆ ಏರಿಸಿದ್ದ. ನೋಡಿದವರು ಹದಿನೇಳು ಜನ. ಅವರಲ್ಲೊಬ್ಬರು ಪೇಟೆಂಟ್ ಪರೀಕ್ಷಕರು.

"ಅರ್ಜಿ ಹಾಕೋ ತನಕ ಬಾಯಿ ಮುಚ್ಕೊಂಡಿರು ಅಂದಿದ್ದೆ. ಹೋಗ್ಲಿ ಬಿಡು, ಪೇಟೆಂಟ್ ಹೋದ್ರೆ ಇನ್ನೊಂದು ಕಂಡುಹಿಡೀಬಹುದು. ನನ್ನ ಕಳ್ಳ ಅಂದ್ಯಲ್ಲ, ಅದಕ್ಕೆಂತ ಮಾಡೋದು?" ಎಂದ ಗಣಪತಿ. ತಪ್ಪಾಯಿತು ಎಂದೆ. ಸಾಲದು ಎಂದ. ಫೋನಿನ ಕ್ಯಾಮೆರಾ ನನ್ನತ್ತ ಹಿಡಿದು, "ಈಗ ಹೇಳು. ಇದೂ ಬಹಿರಂಗವಾಗ್ಲಿ" ಎಂದ.

ಹೇಳಿದೆ. ಈ ವಿಡಿಯೊವನ್ನು ಮಾತ್ರ ಇಡೀ ಸಾಗರವೇ ನೋಡಿದೆ. ಕ್ಷಮೆ ಕೇಳುವಾಗಲೂ ನಾನು ಯಾರಿಗೋ ಬೈಯುತ್ತಿರುವಂತೆಯೇ ಕಾಣುತ್ತೇನಂತೆ. ಸುಮಾ ದಿನಕ್ಕೆರಡು ಸಲ ನೋಡಿ ಖಚಿತಪಡಿಸಿಕೊಳ್ಳುತ್ತಾಳೆ.