ಕಾಕಾ ಹೇಳದ ಹೆಸರು

ನಮ್ಮ ಕಾಕಾರಿಗೆ ಇಬ್ಬರು ಹೆಂಡಿರು ಎಂದು ಮಿಶ್ರಿಕೋಟಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಒಬ್ಬಳು ನಮ್ಮ ಓಣಿಯಲ್ಲಿ, ಇನ್ನೊಬ್ಬಳು ಇಟಲಿಯಲ್ಲಿ! ಓಣಿಯವಳನ್ನು ದಿನಾ ನೋಡುತ್ತಿದ್ದರು. ಇಟಲಿಯವಳನ್ನು ಯಾರೂ ನೋಡಿರಲಿಲ್ಲ. ಅದಕ್ಕೇ ಅವಳ ಬಗ್ಗೆ ಎಲ್ಲರಿಗೂ ಹೆಚ್ಚು ಗೊತ್ತಿತ್ತು. ಬೆಳ್ಳಗಿದ್ದಳಂತೆ, ಉದ್ದ ಕೂದಲಂತೆ, ಕುದುರೆ ಹತ್ತುತ್ತಿದ್ದಳಂತೆ.

ಕಾಕಾ ಎಂದರೆ ನನ್ನ ಮಾವನವರ ತಮ್ಮ. ಮನೆಯವರ ಬಾಯಲ್ಲಿ ಅವರು ಕಾಕಾ, ಅವರ ಹೆಂಡತಿ ಚಿಗವ್ವ. ನಾನೂ ಹಾಗೇ ಕರೆದೆ. ಹರೆಯದಲ್ಲಿ ಮಿಲಿಟರಿ ಸೇರಿ ಜರ್ಮನಿಯ ಯುದ್ಧಕ್ಕೆ ಹೋಗಿ, ಸೆರೆ ಸಿಕ್ಕು, ಇಟಲಿಯ ಜೈಲಿನಿಂದ ತಪ್ಪಿಸಿಕೊಂಡು, ಒಂದು ಚಳಿಗಾಲ ಯಾರದೋ ಬಿಡಾರದಲ್ಲಿ ಅಡಗಿದ್ದು ಬಂದವರು. ಚಿಗವ್ವನನ್ನು ಮದುವೆಯಾದದ್ದು ಆಮೇಲೆ. ಯಾರ ಬಿಡಾರ ಎಂದು ಕೇಳಿದರೆ, “ರೋಮಾ ಜನ. ಕುದುರಿ ಮಾರೋರು. ನಮ್ಮವರ” ಎನ್ನುತ್ತಿದ್ದರು. ಇಟಲಿಯಲ್ಲಿ ನಮ್ಮವರು ಎಲ್ಲಿಂದ ಬರಬೇಕು? ಅಲ್ಲಿಂದಲೇ ಅನುಮಾನ ಶುರು!

ನಾನು ಸೊಸೆಯಾಗಿ ಬಂದ ಮೂರನೇ ದಿನ, ಹಿಟ್ಟು ನಾದುವ ಹಿತ್ತಾಳೆ ಪರಾತದಲ್ಲಿ ಅಪ್ಪಿತಪ್ಪಿ ಕೈ ತೊಳೆದೆ. ಕಾಕಾ ನೋಡಿಬಿಟ್ಟರು.

“ಉಣ್ಣೂ ಭಾಂಡೆದಾಗ ಕೈ ತೊಳದ್ಯಾ? ಹೋತವಾ ಪರಾತ. ಸತ್ತಂಗ ಇನ್ನ ಅದು!”

“ತಿಕ್ಕಿ ಇಡತೇನ್ರಿ ಕಾಕಾರ...”

“ನೂರು ಸಲ ತಿಕ್ಕು. ರೋಮಾ ಮಂದಿ ಆಗಿದ್ರ ಒಡದು ಒಗೀತಿದ್ರು. ಮುಖಕ್ಕೊಂದು ಬೋಗುಣಿ, ಅಡಗಿಗೊಂದು, ಅರಬಿ ಒಗ್ಯಾಕೊಂದು. ಹೆಣ್ಮಕ್ಕಳ ಅರಬಿ ಬ್ಯಾರೆ, ಗಂಡಸರದು ಬ್ಯಾರೆ.”

ನನ್ನ ತವರಿನ ಪರಾತ ಎಮ್ಮೆಗೆ ಹಿಂಡಿ ಕಲಸಲು ಹೋಯಿತು! ಲಿಂಗಪೂಜೆ ಮಾಡದೆ ತೊಟ್ಟು ನೀರು ಕುಡಿಯದ ಮನೆತನದಿಂದ ಬಂದ ನನಗೆ, ಊರೂರು ಅಲೆಯುವ ಕುದುರೆ ವ್ಯಾಪಾರದವರಿಂದ ಮಡಿಯ ಪಾಠ! ಪರಾತ ಹೋಯಿತು, ಲಟ್ಟಣಿಗೆ ಉಳಿಯಿತು. ಅಷ್ಟು ಶಿವನ ದಯೆ.

ವರ್ಷಕ್ಕೊಮ್ಮೆ ಊರ ಹೊರಗೆ ಬೈಲಕಮ್ಮಾರರು ಬಂದು ಬಿಡಾರ ಹೂಡುತ್ತಿದ್ದರು. ಕುಡಗೋಲು, ಕುಂಟೆಯ ಕುಡ ಬಡಿದುಕೊಡುವ ಜನ. ಅವರ ಗಾಡಿ ಕಂಡ ಕೂಡಲೇ ಓಣಿಯ ಹೆಂಗಸರೆಲ್ಲ ಹೊರಗಿನ ಕೊಡ, ತಂಬಿಗೆ, ಹಂಡೆ ಒಳಗೆ ಸೇರಿಸುತ್ತಿದ್ದೆವು. ಕಾಕಾ ಮಾತ್ರ ಟೋಪಿ ಏರಿಸಿಕೊಂಡು ಸೀದಾ ಅಲ್ಲಿಗೆ ಹೋಗಿ ತಿದಿಯ ಪಕ್ಕ ಕೂರುತ್ತಿದ್ದರು. ಒಮ್ಮೆ ಕುಡಗೋಲು ಹಣಿಸಿ ಹರಿತ ಮಾಡಿಸಲು ನಾನೂ ಬೆನ್ನ ಹಿಂದೆ ಹೋಗಿದ್ದೆ.

“ನಿಮ್ಮಂಥವರ ಇಟಲಿ ಮಟ ಹೋಗ್ಯಾರಪಾ” ಎಂದರು ಕಾಕಾ. “ಅವರಲ್ಲೂ ಹಿರೇರ ಕೂತು ನ್ಯಾಯ ಹರೀತಾರ. ತಪ್ಪು ಮಾಡಿದವನ ಕೂಡ ಯಾರೂ ಉಣ್ಣಂಗಿಲ್ಲ. ಅದ ಶಿಕ್ಷಾ.”

ಮುದುಕ ಕಮ್ಮಾರ ಸುತ್ತಿಗೆ ನಿಲ್ಲಿಸಿ ಯೋಚಿಸಿದ. “ಅಲ್ಲಿ ಪೊಲೀಸರು ಹ್ಯಾಂಗದಾರ್ರಿ?”

“ಇಲ್ಲಿದ್ದಂಗ ಅದಾರ.”

“ಹಂಗಾರ ನಮ್ಮವರ ಖರೆ ಬಿಡ್ರಿ” ಎಂದು ಮತ್ತೆ ಸುತ್ತಿಗೆ ಎತ್ತಿದ.

ಮರಳಿ ಬರುವಾಗ ನಾನು ತಡೆಯಲಾರದೆ, “ಅವರ ಕೂಡ ಭಾಳ ಸಲಿಗಿ ಬ್ಯಾಡ್ರಿ ಕಾಕಾರ. ನಾವೆಲ್ಲ ಹಂಡೆ ಒಳಗಿಟ್ಟೇವಿ” ಎಂದೆ.

“ಅವರೂ ತಾಟು ಒಳಗಿಟ್ಟಾರ. ನೀ ಬಂದು ಮುಟ್ಟಿದ್ರ ಮೈಲಿಗಿ ಅಂತ.”



ಇಷ್ಟೇ ಆಗಿದ್ದರೆ ಹುಚ್ಚು ಎಂದು ಬಿಡಬಹುದಿತ್ತು. ಆದರೆ ತೆನೆಯ ಪ್ರಕರಣ ಬೇರೆ. ನಮ್ಮ ಕಡೆ ಮಳೆ ಹಿಡಿದಾಗ ಗೋವಿನಜೋಳದ ಎಳೆ ತೆನೆ ಕೆಂಡದ ಮೇಲೆ ಸುಟ್ಟು, ಉಪ್ಪು ಖಾರ ಸವರಿ ತಿನ್ನದ ಮನುಷ್ಯ ಉಂಟೇ? ಉಂಟು, ಕಾಕಾ! ತೆನೆಯ ವಾಸನೆ ಬಂತೆಂದರೆ ಎದ್ದು ಹೊರಟುಬಿಡುತ್ತಿದ್ದರು. ಮದುವೆಯಾದ ಹೊಸದರಲ್ಲಿ ಚಿಗವ್ವ ಪ್ರೀತಿಯಿಂದ ಸುಟ್ಟು ತಂದಾಗ ತಾಟು ಸರಿಸಿ, “ಆಕಿಗೆ ಭಾಳ ಸೇರತಿತ್ತು. ನಾ ಒಲ್ಲೆ” ಎಂದಿದ್ದರಂತೆ. ಯಾರಾಕೆ, ಹೆಸರೇನು ಎಂದು ಚಿಗವ್ವ ಕೇಳಿದರೆ, “ಆ ಹೆಸರು ಹೇಳೂ ಹಂಗಿಲ್ಲ.”

ಒಬ್ಬ ಹೆಂಡತಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ?

ಚಿಗವ್ವ ತಮ್ಮ ತರ್ಕವನ್ನು ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ನನ್ನ ಮುಂದೆ ಬಿಚ್ಚಿಟ್ಟರು.

“ನಿನ್ನ ಗಂಡನ ಹೆಸರೇನವಾ?”

ನಾನು ಸೆರಗು ಬಾಯಿಗೆ ಹಚ್ಚಿ ನಕ್ಕೆ. ನಮ್ಮಲ್ಲಿ ಗಂಡನ ಹೆಸರನ್ನು ಹಾಗೆ ಸುಮ್ಮನೆ ಹೇಳುತ್ತಾರೆಯೇ? ಶುಭಕಾರ್ಯದಲ್ಲಿ ನಾಲ್ಕು ಜನ ಬಾಗಿಲು ಅಡ್ಡಗಟ್ಟಿದಾಗ ಒಂದು ಒಡಪಿನ ಪದ್ಯ ಕಟ್ಟಿ, ಅದರ ಬಾಲದಲ್ಲಿ ಹೆಸರು ಪೋಣಿಸಿ ಓಡಿಹೋಗುವುದು.

“ಹೇಳಲಿಲ್ಲ ನೋಡು. ಗಂಡ ಅಂತ ಹೇಳಲಿಲ್ಲ. ಇವರು ಆಕಿ ಹೆಸರು ಹೇಳಂಗಿಲ್ಲ. ಹಂಗಾರ ಆಕಿ ಯಾರು? ಅದ ಇವರು ನನ್ನ ಹೆಸರು ಹ್ಯಾಂಗ ಒದರತಾರ ಕೇಳೀಯಲ್ಲ?”

ಕೇಳದೆ ಏನು! ಉಳಿದ ಗಂಡಸರು ಹೆಂಡತಿಯನ್ನು “ಏ, ಎಲ್ಲಿದ್ದೀ” ಎಂದು ಕರೆದರೆ, ಕಾಕಾ ದಿನಕ್ಕೆ ಆರು ಸಲ ಚಹಾಕ್ಕಾಗಿ ಪೂರ್ತಿ ಹೆಸರು ಹಿಡಿದು ಕೂಗುತ್ತಿದ್ದರು. ಓಣಿಯ ಎಮ್ಮೆಗಳಿಗೂ ಆ ಹೆಸರು ಬಾಯಿಪಾಠ! ಚಿಗವ್ವನೂ ಕಡಿಮೆಯಲ್ಲ. ಶುಂಠಿ ಜಜ್ಜಿ ಹಾಕಿದ ಚಹಾ ಎಂದರೆ ಅವರಿಗೆ ಪ್ರಾಣ. ಗಂಡನಿಗೊಂದು ಕಪ್ಪು, ತಮಗೊಂದೂವರೆ.

“ನೇರ ಕೇಳಿಬಿಡ್ರಿ ಚಿಗವ್ವ” ಎಂದೆ.

ಅವರು ಮೊರದಲ್ಲಿನ ಅಕ್ಕಿಯನ್ನೇ ನೋಡಿದರು. “ಹೌದು ಅಂದಬಿಟ್ರ?”

ಸುಮಾರು ನಲವತ್ತು ವರ್ಷ ಆಕೆ ಆ ಪ್ರಶ್ನೆಯನ್ನು ನುಂಗಿಕೊಂಡಿದ್ದರು. ಊರಿಗೆ ಅದು ತಮಾಷೆ. ಆಕೆಗೆ ಅಲ್ಲ.

ಕೊನೆಗೆ ಅದನ್ನು ಹೊರಗೆ ಎಳೆದದ್ದು ರೇಡಿಯೋ. ಒಂದು ದಿನ ಅದರಲ್ಲಿ ಯಾರೋ ಪಂಡಿತರು, ಯುರೋಪಿನ ರೋಮಾ ಜನರು ನೂರಾರು ವರ್ಷಗಳ ಹಿಂದೆ ನಮ್ಮ ದೇಶದಿಂದಲೇ ಹೋದವರು, ನೀರಿಗೆ ಇಂದಿಗೂ ಪಾನಿ ಅನ್ನುತ್ತಾರೆ, ಮೂಗಿಗೆ ನಾಕ್ ಅನ್ನುತ್ತಾರೆ ಎಂದು ಹೇಳತೊಡಗಿದರು. ಕಾಕಾ ಜಿಗಿದೆದ್ದು ರೇಡಿಯೋ ಜೋರು ಮಾಡಿದರು. “ಕೇಳ್ರಿ! ನಮ್ಮವರು ಅಂದ್ರ ನಗತಿದ್ರಿ!”

ಚಿಗವ್ವ ಮೊರ ಕೆಳಗಿಟ್ಟರು. “ಹಂಗಾರ ಆಕಿನೂ ನಮ್ಮಾಕೀನ ಆದ್ಲು. ಇನ್ನರ ಹೇಳಿಬಿಡ್ರಿ. ಹೌದು ಅಂದ್ರೂ ನಾ ಎಲ್ಲೂ ಹೋಗಂಗಿಲ್ಲ.”

“ಯಾಕಿ?”

“ತೆನಿ ತಿನ್ನಾಕಿ!”

ಕಾಕಾ ಬಾಯಿ ತೆರೆದು ನಿಂತರು. ಆಮೇಲೆ ನಕ್ಕರು, ಕೆಮ್ಮು ಬರುವ ತನಕ ನಕ್ಕರು. “ಹುಚ್ಚಿ! ಆಕಿ ಎಪ್ಪತ್ತರ ಮುದುಕಿ! ಬಾಯಾಗ ಮೂರು ಹಲ್ಲಿದ್ದೂ!”

“ಮೂರು ಹಲ್ಲಿನಾಗ ತೆನಿ ಹ್ಯಾಂಗ ತಿಂತಿದ್ಲು?” ಫೌಜದಾರನೂ ಹೀಗೆ ಕೇಳಿಯಾನೇ!

“ಕೂಡಿಟ್ಟ ತೆನಿ ಸುಟ್ಟು, ನಾ ಕಾಳು ಬಿಡಿಸಿ, ಕಲ್ಲಾಗ ಜಜ್ಜಿ ಕೊಡತಿದ್ದೆ.”

ನಗು ನಿಂತಿತ್ತು. ಕಾಕಾ ಕೂತು ಹೇಳಿದರು. ಹಿಮದಲ್ಲಿ ನಡೆದು ಬಂದು, ಆ ಬಿಡಾರದ ಮುಂದೆ ಬಿದ್ದು, ಮಿಲಿಟರಿಯಲ್ಲಿ ಕಲಿತ ಹಿಂದಿಯಲ್ಲಿ ಪಾನಿ ಎಂದಿದ್ದರಂತೆ. ಮುದುಕಿಯ ಮಕ್ಕಳಿಗೆ ಇವರು ಬೇಹುಗಾರನೆಂದು ಅನುಮಾನ, ಕೈಯಲ್ಲಿ ಚಾಕು. ಮುದುಕಿ ಅಡಿಗೆಯ ಬೋಗುಣಿಯಲ್ಲಿ ನೀರು ತಂದಿಟ್ಟಳು. ಇವರ ಕೈತುಂಬ ರಕ್ತ, ಕೆಸರು. ಆದರೂ ಬೋಗುಣಿಯೊಳಗೆ ಕೈ ಅದ್ದದೆ, ಮೇಲಿನಿಂದ ಸುರುವು ಎಂದು ಬೊಗಸೆ ಒಡ್ಡಿದರು. ಮುದುಕಿ ಮಕ್ಕಳನ್ನು ಹಿಂದೆ ಸರಿಸಿದಳು.

“ಇವನ ಅವ್ವ ಛಲೋ ಕಲಿಸ್ಯಾಳ ಅಂದ್ಲು. ಚಳಿಗಾಲ ಪೂರಾ ಮಗನಂಗ ಇಟಗೊಂಡ್ಲು. ಚಳಿ ಮುಗಿಯೂದ್ರಾಗ ತೀರಿಕೊಂಡ್ಲು. ಸತ್ತವರ ಹೆಸರು ಅವರು ಕರಿಯಂಗಿಲ್ಲ. ಕರದ್ರ ಅವರಿಗೆ ನೆಮ್ಮದಿ ಇಲ್ಲ ಅಂತ. ಅವರ ವಸ್ತು ಇಟಗೊಳ್ಳಂಗಿಲ್ಲ. ಅವರು ಇಷ್ಟಪಟ್ಟು ತಿಂದು ಕುಡದದ್ದನ್ನ ನಾವು ಬಿಡಬೇಕು. ಮಕ್ಕಳು ತೆನಿ ಬಿಟ್ರು. ನಾನೂ ಬಿಟ್ಟೆ.”

ಚಿಗವ್ವ ಎದ್ದು ಒಳಗೆ ಬಂದರು. ಒಲೆಯ ಮುಂದೆ ನನ್ನ ಕಿವಿಯಲ್ಲಿ, “ಮುದುಕಿಗೆ ಮಗಳು ಇದ್ಲೋ ಏನೋ, ಕೇಳೂದ ಮರತೆ!” ಎಂದರು. ಆದರೆ ಅವತ್ತು ರೊಟ್ಟಿ ಬಡಿಯುವಾಗ ಆಕೆ ಗುನುಗುತ್ತಿದ್ದರು. ಈ ಮನೆಗೆ ಬಂದ ಮೇಲೆ ಮೊದಲ ಸಲ ನಾನು ಕೇಳಿದ್ದು.

ಎರಡು ವರ್ಷ ಕಳೆದು, ಶ್ರಾವಣದ ಒಂದು ಸೋಮವಾರ, ಪೂಜೆ ಮುಗಿಸಿ ಗೋಡೆಗೆ ಒರಗಿದ ಚಿಗವ್ವ ಮತ್ತೆ ಏಳಲಿಲ್ಲ. ನರಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ. ಆ ಪುಣ್ಯಕ್ಕೆ ಶಿವನಿಗೆ ಕೈ ಮುಗಿದೆ.

ಮೂರನೇ ದಿನವೇ ಕಾಕಾ ಆಕೆಯ ಸೀರೆ, ಚಹಾದ ಕಪ್ಪು, ಹಣಿಗೆ ಎಲ್ಲ ಹಂಚಿಬಿಟ್ಟರು. ಓಣಿ ಬಾಯಿಗೆ ಕೈ ಇಟ್ಟಿತು. “ಎಷ್ಟ ಅವಸರ! ಇನ್ನ ಇಟಲಿಯಾಕಿನ್ನ ಕರಸತಾನೇನು?” ಅದೇ ವಾರ ಕಾಕಾ ಚಹಾ ಬಿಟ್ಟರು. ನಾನು ಶುಂಠಿ ಹಾಕಿ ತಂದ ಕಪ್ಪನ್ನು ಮೆತ್ತಗೆ ಸರಿಸಿದರು. ನನಗೆ ಕೇಳುವುದು ಬೇಕಾಗಲಿಲ್ಲ.

ಮರಣ ಬರೆಸಲು ಚಾವಡಿಗೆ ಹೋದೆವು. ನಮ್ಮೆಜಮಾನರು ಊರಲ್ಲಿರಲಿಲ್ಲವೆಂದು ನಾನೇ ಜೊತೆಗೆ ಹೋದೆ. ಊರ ಲೆಕ್ಕ ಬರೆಯುವ ತಲಾಟಿ ಹೊಸಬ, ದೊಡ್ಡ ವಹಿ ತೆರೆದು, “ತೀರಿಕೊಂಡವರ ಹೆಸರ್ರಿ?” ಎಂದ.

ಕಾಕಾ ಗೋಡೆ ನೋಡಿದರು.

“ಅಜ್ಜಾರ, ನಿಮ್ಮ ಹೆಂಡ್ತಿ ಹೆಸರ್ರಿ.”

ಕಾಕಾ ಹೊಸ್ತಿಲ ಕಡೆ ನಡೆದರು. ತಲಾಟಿ ಅನುಮಾನದಿಂದ ನನ್ನ ಕಡೆ ತಿರುಗಿದ. “ಏನವಾ, ಇವರು ಖರೇನ ಗಂಡ ಹೌದಿಲ್ಲೋ?”

ನಾನು ಮೇಜಿನ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ ಹೆಸರು ಹೇಳಿದೆ. ಅವನು ಬರೆದುಕೊಂಡ. ಕಾಕಾ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡು ಹೊಸ್ತಿಲಲ್ಲಿ ನಿಂತಿದ್ದರು.

ದಾರಿಯಲ್ಲಿ ಬಹಳ ದೂರ ಬಂದ ಮೇಲೆ ಕೇಳಿದರು, “ಇದ್ದಾಗ ಭಾಳ ಸಲ ಕರದೇನಿ, ಇಲ್ಲವಾ?”

“ಹೌದ್ರಿ ಕಾಕಾರ. ಓಣಿಗೆಲ್ಲ ಕೇಳಸತಿತ್ತು.”

“ಹಂಗಾರ ಆತು” ಎಂದರು.

ಇಷ್ಟೆಲ್ಲ ಬರೆದರೂ ಚಿಗವ್ವನ ಹೆಸರು ಎಲ್ಲಿಯೂ ಬರಲಿಲ್ಲವಲ್ಲ ಎಂದು ನೀವು ಅನುಮಾನ ಪಡಬೇಡಿರಿ. ಕಾಕಾ ಕನ್ನಡಕ ಒರೆಸಿಕೊಂಡು ಪಡಸಾಲೆಯಲ್ಲಿ ಕಾಯುತ್ತಿದ್ದಾರೆ. ಇದನ್ನು ಮೊದಲು ಓದುವವರು ಅವರೇ.