ಕೊಟ್ಟೂರೇಶನ ಸ್ವಂತ ಉಳಿ

ಬಜಾರಿನಲ್ಲಿ ಸಿಗುವ ಉಳಿ ಉಳಿಯೇ ಅಲ್ಲ, ಹಿಡಿ ಹಾಕಿದ ತಗಡು ಎಂಬುದು ಕೊಟ್ಟೂರೇಶನ ತೀರ್ಪು. ಹರಿಹರದ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಅರ್ಧ ಆಯುಷ್ಯ ಕಳೆದ ಈ ಗುಮಾಸ್ತ ಕಬ್ಬಿಣವನ್ನು ಕಾವಲು ಕಾದಿದ್ದನೇ ಹೊರತು ಬಡಿದವನಲ್ಲ. ಆದರೂ ಉಕ್ಕಿನ ಪಕ್ಕ ಕೂತು ಕೂತು ತನಗೂ ಅದರ ಗುಣ ಹತ್ತಿದೆ ಎಂದು ನಂಬಿದ್ದ.

ತೊಂಬತ್ತೆಂಟರಲ್ಲಿ ದಾವಣಗೆರೆಯಲ್ಲಿ ಅವನ ಸ್ವಂತ ಮನೆ ಎದ್ದಿತು. ತಲೆಬಾಗಿಲು ನಿಲ್ಲಿಸುವ ಪೂಜೆಗೆ ಮುಹೂರ್ತ ಗೊತ್ತಾಯಿತು. ಮದುವೆಯಾದಾಗಿನಿಂದ ಬಾಡಿಗೆ ಮನೆಗಳ ಹೊಸ್ತಿಲು ತೊಳೆದೇ ಕೈ ಸವೆಸಿದ್ದ ಹೆಂಡತಿ ಕಸ್ತೂರಮ್ಮನಿಗೆ ಒಂದೇ ಆಸೆ. ತನ್ನ ಬಾಗಿಲ ಚೌಕಟ್ಟಿನ ನೆತ್ತಿಯಲ್ಲಿ ಮಲಗಿದ ಬಸವಣ್ಣನ ಕೆತ್ತನೆ ಇರಬೇಕು, ಅದನ್ನು ಭಾನುವಳ್ಳಿಯಿಂದ ಬರುವ ಅಣ್ಣ ಕಲ್ಲೇಶಪ್ಪ ಕಣ್ತುಂಬ ನೋಡಬೇಕು.

"ಬಡಿಗೇರ ರೇವಣ್ಣಗೆ ಹೇಳಿಬಿಡ್ರಿ. ಬಾಗಿಲು ಮಾಡಿದೋನೇ ಕೆತ್ತಿಕೊಡ್ತಾನೆ."

"ಇನ್ನೊಬ್ಬನ ಬಸವಣ್ಣ ನನ್ನ ಬಾಗಿಲಿಗೆ ಬ್ಯಾಡ. ಉಳಿನೂ ನಾನೇ ಮಾಡ್ತೀನಿ, ಬಸವಣ್ಣನ್ನೂ ನಾನೇ ಕೆತ್ತತೀನಿ."

"ಗೋಡೆಗೆ ಒಂದು ಮೊಳೆ ಹೊಡಿಯಾಕೆ ಬರಲ್ಲ ನಿಮಗೆ."

"ಮೊಳೆ ಹೊಡಿಯೋದು ಯಾರು ಬೇಕಾದ್ರೂ ಮಾಡ್ತಾರೆ. ಇದು ಕುಲುಮೆ ವಿದ್ಯೆ ಕಣೇ, ನಿನಗೆ ತಿಳಿಯಲ್ಲ."

ಹೀಗೆ ಹೊಸ ಮನೆಯ ಅಂಗಳದಲ್ಲಿ, ಸಿಮೆಂಟು ಚೀಲಗಳ ಪಕ್ಕ, ಮಹಾನ್ ಕುಲುಮೆ ಸ್ಥಾಪನೆಯಾಯಿತು. ಗಾಳಿಯೂದುವ ತಿದಿಯ ಬದಲು ಟೇಬಲ್ ಫ್ಯಾನು, ಉಳಿಗೆ ಗುಜರಿಯಿಂದ ತಂದ ಲಾರಿ ಕಮಾನುಪಟ್ಟಿಯ ಉಕ್ಕಿನ ತುಂಡು. ಫ್ಯಾನು ತಿರುಗಿದ ಮೊದಲ ದಿನವೇ ಬೂದಿಯೆಲ್ಲ ಹಾರಿ ಪಕ್ಕದ ಮನೆ ರಶೀದಾ ಒಣಗಲು ಹಾಕಿದ್ದ ಶ್ಯಾವಿಗೆಯ ಮೇಲೆ ಕೂತಿತು. "ಕೊಟ್ಟೂರೇಶಣ್ಣ, ಇದು ಪಾಯಸಕ್ಕೆ ಮಾಡಿದ್ದುರಿ, ವಿಭೂತಿಗಲ್ಲ" ಎಂದು ಆಕೆ ಶ್ಯಾವಿಗೆ ಬಾಚಿಕೊಂಡು ಒಳಗೆ ಹೋದಳು.

ಎರಡು ತಿಂಗಳು ಬಡಿದ. ಮೊದಲ ಉಳಿ ಮರಕ್ಕೆ ತಾಗಿದ್ದೇ ತಡ ಮೂತಿ ತಿರುಗಿಸಿತು. ಕಾವು ಸಾಲದು ಎಂದು ಎರಡನೆಯದನ್ನು ಕೆಂಡದಂತೆ ಕಾಯಿಸಿ, ಪೂಜೆಯ ನೆಂಟರಿಗೆ ಮಿರ್ಚಿ ಕರಿಯಲೆಂದು ಕಸ್ತೂರಮ್ಮ ತಂದಿಟ್ಟಿದ್ದ ಎಣ್ಣೆಗೆ ಅದ್ದಿದ. ಭಗ್ಗನೆ ಎದ್ದ ಉರಿ ಅವನ ಬಲಮೀಸೆಯನ್ನು ಪ್ರಸಾದವಾಗಿ ಸ್ವೀಕರಿಸಿತು. ಆದರೆ ಉಳಿ ಗಟ್ಟಿಯಾಗಿತ್ತು, ಅರದಿಂದ ಉಜ್ಜಿದರೂ ಗೀರು ಬೀಳಲಿಲ್ಲ. ಕೊಟ್ಟೂರೇಶ ಉಳಿದ ಅರ್ಧ ಮೀಸೆಯನ್ನೇ ತಿರುವಿದ.

"ಎಣ್ಣೆಗೆ ಅದ್ದಿದ್ದು ಗಾಜಿನಂಗಾಗಿ ಪೆಟ್ಟಿಗೆ ಒಡೀತೈತೆ, ಮತ್ತೆ ಸಣ್ಣ ಕಾವು ಕೊಡಬೇಕು ಅಂತ ನೀವೇ ಭಾಷಣ ಮಾಡಿದ್ರಲ್ಲ" ಎಂದು ಕಸ್ತೂರಮ್ಮ ನೆನಪಿಸಿದಳು. "ಒಲಿ ಮ್ಯಾಲೆ ರೊಟ್ಟಿ ಹೆಂಚೈತೆ. ಒಂದು ಗಳಿಗೆ ಅದರ ಮ್ಯಾಲೆ ಇಡ್ರಿ."

ಅಡುಗೆಮನೆಯ ಸಲಹೆ, ಅದೂ ಕುಲುಮೆ ವಿದ್ಯೆಗೆ. ಕೊಟ್ಟೂರೇಶನಿಗೆ ಅವಮಾನವಾಯಿತು. "ನಾನು ಮಾಡಿದ್ದು ಉಳಿ, ಜೋಳದ ರೊಟ್ಟಿ ಅಲ್ಲ" ಎಂದವನೇ ಅದಕ್ಕೆ ಹಿಡಿ ಹಾಕಿದ.

ಪೂಜೆಯ ಬೆಳಿಗ್ಗೆ ಚೌಕಟ್ಟನ್ನು ಮಲಗಿಸಿ ಕೆತ್ತಲು ಕೂತ. ಬಸವಣ್ಣನ ಬಾಲ ಬಂತು, ಹಿಂಗಾಲು ಬಂತು. ಡುಬ್ಬದ ಹತ್ತಿರ ಸುತ್ತಿಗೆಯ ಪೆಟ್ಟು ಬಿದ್ದದ್ದೇ ತಡ, ಟಣ್ ಎಂದು ಉಳಿ ಎರಡಾಯಿತು. ಹಿಡಿ ಕೈಯಲ್ಲಿ, ಮೊನೆ ಮರದೊಳಗೆ.

ರೇವಣ್ಣ ಇಕ್ಕಳ ಹಾಕಿ ಎಳೆದು ನೋಡಿ ಕೈಬಿಟ್ಟ. "ಇನ್ನೂ ಎಳೆದ್ರೆ ಮರ ಸೀಳ್ತೈತ್ರಿ. ಮುಹೂರ್ತ ಬ್ಯಾರೆ ಬಂತು, ಬಾಗಿಲು ನಿಲ್ಲಿಸೋಣ."

ನಿಂತ ಬಾಗಿಲ ನೆತ್ತಿಯಲ್ಲಿ ತಲೆಯಿಲ್ಲದ ದನದ ಹಿಂಭಾಗ, ಅದರ ಬೆನ್ನಿಗೆ ನೆಟ್ಟ ಕಬ್ಬಿಣ. ಕಸ್ತೂರಮ್ಮನ ಕಣ್ಣು ತುಂಬಿತು. ಆಕೆ ಬೈದಿದ್ದರೆ ಕೊಟ್ಟೂರೇಶ ತಡೆದುಕೊಳ್ಳುತ್ತಿದ್ದ, ಬೈಯಲಿಲ್ಲ. ಅವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ಕಲ್ಲೇಶಪ್ಪನ ಆಟೋ ಓಣಿಗೆ ತಿರುಗಿತು.

ಕಸ್ತೂರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ಟೂಲು ಹತ್ತಿ, ಮಾವಿನೆಲೆ ತೋರಣವನ್ನು ಆ ಮುರುಕು ಮೊನೆಗೇ ಬಿಗಿದು, ಎಲೆಗಳನ್ನು ದನದ ಮೇಲೆ ಇಳಿಬಿಟ್ಟಳು.

ಕಲ್ಲೇಶಪ್ಪ ಹೊಸ್ತಿಲಿಗೆ ಕೈಮುಗಿದು, ಬಾಗಿಲನ್ನು ತಟ್ಟಿ ನೋಡಿ, ಮೇಲೆ ಕಣ್ಣು ಹಾಯಿಸಿದ. "ಚಲೋ ಮರ ಐತೆ, ಕಸ್ತೂರಿ. ತೋರಣಕ್ಕೆ ಅಷ್ಟು ದಪ್ಪದ ಮೊಳೆ ಯಾಕ ಬೇಕಿತ್ತು?"

ಕಸ್ತೂರಮ್ಮ ಗಂಡನ ಅರ್ಧ ಮೀಸೆಯನ್ನೊಮ್ಮೆ ನೋಡಿದಳು.

"ನಮ್ಮನೆಯೋರು ಎರಡು ತಿಂಗಳು ಕುಲುಮೆ ಹಾಕಿ ಕೂತಿದ್ರು, ಅಣ್ಣ. ಅಂತೂ ಇಂತೂ ಮೊಳೆ ಹೊಡಿಯೋದು ಕಲಿತರು."